ಕಾಂಡಿಮೆಂಟ್ಸ್ ಅಂಗಡಿಗೆ ಇನ್‌ಸ್ಟಾಗ್ರಾಮ್, ವಾಟ್ಸಾಪ್: ವಾರಕ್ಕೆ ಮೂರು ಗಂಟೆಯಲ್ಲಿ ಏನೇನು ಮಾಡಬಹುದು?

ಕೋಡುಬಳೆ_ಮಲ್ಲೇಶ್ವರ (ಪ್ರಶ್ನೆ)

ಮಲ್ಲೇಶ್ವರದಲ್ಲಿ ಚಿಕ್ಕ ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ, ಹಪ್ಪಳ, ಸಂಡಿಗೆ. ಒಟ್ಟು ಮೂರೇ ಜನ: ಒಬ್ಬರು ಬಾಣಲೆ ಮುಂದೆ, ಒಬ್ಬರು ಗಲ್ಲಾದಲ್ಲಿ, ಒಬ್ಬರು ಪ್ಯಾಕಿಂಗಿಗೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ವಾಟ್ಸಾಪ್ ಬಿಸಿನೆಸ್, ಗೂಗಲ್ ಮ್ಯಾಪ್ ನಾಲ್ಕೂ ಇವೆ, ಒಂದೂ ನೆಟ್ಟಗಿಲ್ಲ. ಮೂರು ವಾರ ದಿನಾ ಪೋಸ್ಟ್, ಆಮೇಲೆ ಎರಡು ತಿಂಗಳು ಸದ್ದಿಲ್ಲ. ಬರೋ ಮೆಸೇಜುಗಳಲ್ಲಿ ಹೆಚ್ಚಿನವು "ರೇಟ್ ಎಷ್ಟು", "ಎಲ್ಲಿ ಬರುತ್ತೆ". ಉತ್ತರ ಹೋಗೋದು ಮಾರನೇ ದಿನ.

ಒಂದು ಏಜೆನ್ಸಿ ತಿಂಗಳಿಗೆ 18,000 ರೂಪಾಯಿಗೆ 20 ಪೋಸ್ಟ್ ಅಂತಿದೆ. ನಮ್ಮಿಂದ ವಾರಕ್ಕೆ ಮೂರು ಗಂಟೆ ಮೇಲೆ ಆಗಲ್ಲ. ಗೋಕುಲಾಷ್ಟಮಿಗೆ ಮೊದಲು ಒಂದು ದಾರಿಗೆ ತರಬೇಕು. ಎಲ್ಲಿಂದ ಶುರು ಮಾಡೋದು, ಏನನ್ನ ಬಿಡೋದು?

ಗಲ್ಲಾಪೆಟ್ಟಿಗೆ

ಮೂರು ಗಂಟೆ ಧಾರಾಳ ಸಾಕು. ವ್ಯಾಪಾರ ತಪ್ಪೋದು ಪೋಸ್ಟ್ ಕಡಿಮೆಯಾಗಿ ಅಲ್ಲ, ಉತ್ತರ ತಡವಾಗಿ. ಚಕ್ಕುಲಿ ಕೇಳಿದವರಿಗೆ ಮಾರನೇ ದಿನ ಉತ್ತರ ಹೋದರೆ ಅಷ್ಟರಲ್ಲಿ ಅವರು ಪಕ್ಕದ ಕ್ರಾಸಲ್ಲಿ ತಗೊಂಡು ತಿಂದೂ ಮುಗಿಸಿರ್ತಾರೆ. ಅದಕ್ಕೇ ಎರಡು ಗಂಟೆ ಉತ್ತರಕ್ಕೆ, ಒಂದೇ ಗಂಟೆ ಪೋಸ್ಟಿಗೆ. ವಾರದ ಆರು ದಿನಕ್ಕೆ ಹಂಚಿದರೆ ಉತ್ತರಕ್ಕೆ ದಿನಕ್ಕೆ 20 ನಿಮಿಷ: ಬೆಳಗಿನ ನೂಕುನುಗ್ಗಲು ಕಳೆದ ಮೇಲೆ ಹನ್ನೊಂದೂವರೆಗೆ ಹತ್ತು, ಸಂಜೆ ಗಿರಾಕಿ ಬರೋಕೆ ಮುಂಚೆ ನಾಲ್ಕಕ್ಕೆ ಹತ್ತು. ಗಲ್ಲಾದಲ್ಲಿ ಕೂತವರೇ ಮಾಡಲಿ, ದರ ಮತ್ತು ಸ್ಟಾಕ್ ಎರಡೂ ಅವರ ಬಾಯಲ್ಲೇ ಇರುತ್ತೆ.

ಮೊದಲ ವಾರ ಇನ್‌ಸ್ಟಾಗ್ರಾಮ್ ಮುಟ್ಟಲೇಬೇಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಮ್ಯಾಪಲ್ಲಿ ನಿಮ್ಮ ಅಂಗಡಿ ಬಗ್ಗೆ ಕಾಣೋ ಪುಟ, ತೆಗೀರಿ. "ಎಲ್ಲಿ ಬರುತ್ತೆ" ಅನ್ನೋ ಪ್ರಶ್ನೆ ಹುಟ್ಟೋದೇ ಅಲ್ಲಿ. ಬೆಂಗಳೂರಲ್ಲಿ 8ನೇ ಕ್ರಾಸ್ ಅಂದರೆ ಎಷ್ಟೋ ಬಡಾವಣೆಯಲ್ಲಿ ಒಂದೊಂದಿದೆ, ವಿಳಾಸ ಬರೆದ ಮಾತ್ರಕ್ಕೆ ಮ್ಯಾಪು ಸರಿಯಾದ ಬಾಗಿಲಿಗೆ ಬರಲ್ಲ. ಪಿನ್ನನ್ನ ಕೈಯಿಂದ ಎಳೆದು ನಿಮ್ಮ ಷಟರ್ ಮೇಲೆ ಕೂರಿಸಿ. ಮಧ್ಯಾಹ್ನ ಮುಚ್ಚೋ ಅಂಗಡಿಯಾದರೆ ಸಮಯವನ್ನ ಎರಡು ತುಂಡು ಮಾಡಿ ಹಾಕಬಹುದು, ಬೆಳಿಗ್ಗೆ ಒಂದು ಸಾಲು, ಸಂಜೆ ಒಂದು ಸಾಲು. ಹಬ್ಬದ ರಜೆಗೆ ವಿಶೇಷ ಸಮಯ ಅಂತ ಬೇರೆ ಜಾಗವಿದೆ, ಅದನ್ನ ತುಂಬದಿದ್ದರೆ ನೀವು ಬಾಗಿಲು ಹಾಕಿರೋ ದಿನವೂ ಗೂಗಲ್ "ತೆರೆದಿದೆ" ಅಂತಲೇ ತೋರಿಸುತ್ತೆ. ಬಿಸಿಲಲ್ಲಿ ಬಂದು ಬೀಗ ನೋಡಿದವರು ಒಂದು ಸ್ಟಾರ್ ಕೊಟ್ಟೇ ಹೋಗೋದು.

ಹೆಸರಿನ ಜಾಗದಲ್ಲಿ ಬೋರ್ಡ್ ಮೇಲಿರೋ ಹೆಸರು ಮಾತ್ರ. "ಬೆಸ್ಟ್ ಚಕ್ಕುಲಿ ಇನ್ ಮಲ್ಲೇಶ್ವರಂ" ಅಂತ ಬಾಲ ಸೇರಿಸಿದರೆ ನಿಯಮ ಮುರಿದ ಹಾಗೆ, ಪ್ರೊಫೈಲೇ ಅಮಾನತಾಗಬಹುದು. ಅಂಗಡಿ ನಿಮ್ಮದೇ ಅಂತ ಗೂಗಲ್ ಇನ್ನೂ ವೆರಿಫೈ ಮಾಡಿಲ್ಲ ಅಂದರೆ ಈಗ ಬಹಳ ಸಲ ವಿಡಿಯೋ ಕೇಳ್ತಾರೆ. ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೀಬೇಕು: ರಸ್ತೆ ಮತ್ತು ಅಕ್ಕಪಕ್ಕದ ಅಂಗಡಿ, ನಿಮ್ಮ ಬೋರ್ಡು, ಒಳಗಿನ ಸರಕು, ಕೊನೆಗೆ ನೀವೇ ಮಾಲೀಕರು ಅಂತ ತೋರಿಸೋ ಒಂದು ಕೆಲಸ, ಅಂದರೆ ಬೀಗ ತೆಗೆಯೋದೋ ಬಿಲ್ಲಿಂಗ್ ಯಂತ್ರ ನಡೆಸೋದೋ. ತುಂಡು ತುಂಡು ಜೋಡಿಸಿದ ವಿಡಿಯೋ ಒಪ್ಪಲ್ಲ.

ರಿವ್ಯೂಗೆ ಕ್ಯೂಆರ್ ಕೋಡ್ ತೆಗೆದು ಗಲ್ಲಾ ಪಕ್ಕ ಅಂಟಿಸಿ. ರಿವ್ಯೂ ಬರೆದರೆ 50 ಗ್ರಾಂ ನಿಪ್ಪಟ್ಟು ಉಚಿತ ಅನ್ನಬೇಡಿ, ಅದೂ ನಿಯಮಕ್ಕೆ ವಿರುದ್ಧ. ಕೆಟ್ಟ ರಿವ್ಯೂಗೆ ಎರಡೇ ಸಾಲು ಉತ್ತರ: ಏನಾಯಿತು ಅಂತ ಒಂದು, ಏನು ಮಾಡ್ತೀವಿ ಅಂತ ಒಂದು. ಅವರ ಬಿಲ್ ವಿವರ, ಫೋನ್ ನಂಬರ್ ಅಲ್ಲಿ ಎತ್ತಬಾರದು.

ಎರಡನೇ ವಾರ ವಾಟ್ಸಾಪ್ ಬಿಸಿನೆಸ್. ಕ್ಯಾಟಲಾಗಿನಲ್ಲಿ 500 ಪದಾರ್ಥ ಹಾಕಬಹುದು, ನೀವು 25 ಹಾಕಿ. ಪ್ರತಿಯೊಂದಕ್ಕೂ ತೂಕ (ಕಾಲು ಕೆಜಿ, ಅರ್ಧ ಕೆಜಿ), ದರ, ಎಷ್ಟು ದಿನ ಗರಿಗರಿ ಇರುತ್ತೆ, ಯಾವ ಎಣ್ಣೆ. ಈ ನಾಲ್ಕು ಬಿಟ್ಟು ಐದನೇದನ್ನ ಕೇಳೋರು ಅಪರೂಪ. ಮುಗಿದ ಪದಾರ್ಥವನ್ನ ಅಳಿಸಬೇಡಿ, ಮರೆಮಾಡಿ, ಮತ್ತೆ ಬೇಕಾಗುತ್ತೆ. ಕ್ವಿಕ್ ರಿಪ್ಲೈ, ಅಂದರೆ ಮೊದಲೇ ಬರೆದಿಟ್ಟ ಸಿದ್ಧ ಉತ್ತರ, 50ರವರೆಗೆ ಉಳಿಸಬಹುದು, ಆದರೆ ಆರೇ ಸಾಕು: ದರ, ಜಾಗ, ಸಮಯ, ಹಬ್ಬದ ಆರ್ಡರ್, ಹಣ ಕಳಿಸೋದು, ಪಾರ್ಸೆಲ್. ಓರೆಗೆರೆ (/) ಹಾಕಿ "ದರ" ಅಂತ ಹೊಡೆದರೆ ಪೂರ್ತಿ ಉತ್ತರ ಬಂದು ಕೂರುತ್ತೆ. ನೀವಿಲ್ಲದಾಗ ತಾನಾಗೇ ಹೋಗೋ ಉತ್ತರಕ್ಕೆ (Away message) ಅಂಗಡಿ ಸಮಯದ ಆಚೆ ಮಾತ್ರ ಹೋಗೋ ಆಯ್ಕೆ ಇದೆ. "ಮೆಸೇಜಿಗೆ ಧನ್ಯವಾದ, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ" ಅಂತ ಬರೆದರೆ ಯಾರಿಗೂ ಪ್ರಯೋಜನವಿಲ್ಲ. "ನಾಳೆ ಹನ್ನೊಂದೂವರೆಗೆ ಉತ್ತರ ಕೊಡ್ತೀವಿ, ದರ ಕ್ಯಾಟಲಾಗಿನಲ್ಲಿದೆ" ಅಂತ ಬರೀರಿ.

ಒಂದೇ ಮೆಸೇಜನ್ನ ಹಲವರಿಗೆ ಬೇರೆ ಬೇರೆಯಾಗಿ ಕಳಿಸೋ ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ. ಬಹಳ ಜನಕ್ಕೆ ಗೊತ್ತಿಲ್ಲದ್ದು: ನಿಮ್ಮ ನಂಬರನ್ನ ತಮ್ಮ ಫೋನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಹಾಗಾಗಿ ಪ್ಯಾಕೆಟ್ ಜೊತೆ "ಈ ನಂಬರ್ ಸೇವ್ ಮಾಡಿಕೊಂಡು 'ಹಬ್ಬ' ಅಂತ ಒಂದು ಮೆಸೇಜ್ ಹಾಕಿ" ಅಂತ ಚೀಟಿ ಇಡಿ. ಮೆಸೇಜ್ ಹಾಕಿದವರನ್ನಷ್ಟೇ ಲಿಸ್ಟಿಗೆ ಸೇರಿಸಿ, ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಕಳಿಸಬೇಡಿ. ಬ್ಲಾಕ್, ರಿಪೋರ್ಟ್ ಜಾಸ್ತಿಯಾದರೆ ನಂಬರೇ ಹೋಗುತ್ತೆ. ಗಿರಾಕಿಗಳನ್ನೆಲ್ಲ ಒಂದು ಗ್ರೂಪಿಗೆ ತುಂಬೋದಂತೂ ಬೇಡವೇ ಬೇಡ, ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತೆ, ಮೂರನೇ ದಿನಕ್ಕೆ ಗುಡ್ ಮಾರ್ನಿಂಗ್ ಹೂವು ಶುರು.

ಮೂರನೇ ವಾರದಿಂದ ಇನ್‌ಸ್ಟಾಗ್ರಾಮ್, ವಾರಕ್ಕೆ ಎರಡು ಪೋಸ್ಟ್: ಒಂದು ರೀಲ್, ಒಂದು ಫೋಟೋ. ಫೇಸ್‌ಬುಕ್ಕಿಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ಎರಡೂ ಖಾತೆ ಜೋಡಿಸಿದರೆ ಅದೇ ಪೋಸ್ಟ್ ಅಲ್ಲಿಗೂ ಹೋಗುತ್ತೆ. ತಿಂಗಳ ಮೊದಲ ವಾರದ ಗಂಟೆಯಲ್ಲಿ ಬರೀ ಶೂಟಿಂಗ್. ಹೇಗೂ ಬಾಣಲೆ ಇಟ್ಟಿರ್ತೀರಿ, ಇದಕ್ಕಾಗಿ ಬೇರೆ ಅಡುಗೆ ಬೇಡ. ಒಂದು ಪದಾರ್ಥಕ್ಕೆ ಮೂರು ತುಣುಕು, ತಲಾ ಹತ್ತು ಸೆಕೆಂಡ್: ಒರಳಿಂದ ಹಿಟ್ಟು ಸುತ್ತಿಕೊಂಡು ಬೀಳೋದು, ಎಣ್ಣೆಯಲ್ಲಿ ನೊರೆ ಇಳಿಯೋದು, ಮುರಿಯೋ ಸದ್ದು. ನಾಲ್ಕು ಪದಾರ್ಥಕ್ಕೆ 12 ತುಣುಕು, ಅದರಿಂದ ನಾಲ್ಕು ರೀಲ್. ಎರಡನೇ ವಾರ ಕತ್ತರಿಸಿ ಶೆಡ್ಯೂಲ್ ಮಾಡಿ, ಇನ್‌ಸ್ಟಾಗ್ರಾಮ್ ಒಳಗೇ 75 ದಿನ ಮುಂದಕ್ಕೆ ಇಡಬಹುದು. ಉಳಿದ ಎರಡು ವಾರದ ಗಂಟೆ ಗೂಗಲ್‌ಗೆ ಹೊಸ ಫೋಟೋ, ಕ್ಯಾಟಲಾಗಿನ ದರ ತಿದ್ದೋದು, ಇಂಥದಕ್ಕೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಉಳಿಸೋದು ಒಂದೇ: ಕ್ಯಾಪ್ಶನ್ನಿನ ಮೊದಲ ಸಾಲಲ್ಲೇ ದರ ಬರೀರಿ. "ದರಕ್ಕೆ ಮೆಸೇಜ್ ಮಾಡಿ" ಅನ್ನೋದು ನಿಮ್ಮ ಕೆಲಸವನ್ನ ನೀವೇ ಹೆಚ್ಚಿಸಿಕೊಳ್ಳೋ ಉಪಾಯ. ಪಕ್ಕದ ಅಂಗಡಿಯವರು ನೋಡ್ತಾರೆ ಅನ್ನೋ ಅಳುಕಿದ್ದರೆ, ಅವರು ಹುಡುಗನ್ನ ಕಳಿಸಿ ಕಾಲು ಕೆಜಿ ತರಿಸಿದರೆ ಬಿಲ್ಲಲ್ಲೇ ಗೊತ್ತಾಗುತ್ತಲ್ಲ. ದರದ ಜೊತೆ ತಿಂಗಳೂ ಬರೀರಿ, "ಆಗಸ್ಟ್ ದರ" ಅಂತ. ಎಣ್ಣೆ ರೇಟು ಏರಿದಾಗ ಹಳೇ ಪೋಸ್ಟ್ ಹಿಡ್ಕೊಂಡು ಜಗಳ ಬರಲ್ಲ.

335ಇ_ಕಿಟಕಿ_ಸೀಟು

ಇನ್‌ಸ್ಟಾಗ್ರಾಮ್ ಪೂರ್ತಿ ಬಿಟ್ಟರೆ ಏನು ನಷ್ಟ? ಸಂಡಿಗೆ, ಚಟ್ನಿಪುಡಿ ತಗೊಳ್ಳೋ ಹೆಂಗಸರೆಲ್ಲ ವಾಟ್ಸಾಪ್ ಸ್ಟೇಟಸ್ಸಲ್ಲೇ ಇರ್ತಾರೆ. ವಾರಕ್ಕೆ ಮೂರು ಸ್ಟೇಟಸ್ ಹಾಕಿ ಸುಮ್ಮನಿರಬಹುದು.

ಗಲ್ಲಾಪೆಟ್ಟಿಗೆ

ನಿಮ್ಮ ಮಾತನ್ನ ಅರ್ಧ ಒಪ್ತೀನಿ. ಸ್ಟೇಟಸ್ಸನ್ನೂ ನೀವು ಅವರ ನಂಬರ್, ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೇನೇ ನೋಡಬಹುದು, ಹೊಸಬರು ಅಲ್ಲಿಂದ ಸಿಗಲ್ಲ. ಬಿಡೋದಾದರೂ ಖಾತೆ ಅಳಿಸಬೇಡಿ. ಮೂರು ಪೋಸ್ಟ್ ಪಿನ್ ಮಾಡೋಕೆ ಬರುತ್ತೆ: ದರಪಟ್ಟಿ, ದಾರಿ, ಆರ್ಡರ್ ಮಾಡೋ ಬಗೆ. ಆ ಮೂರು ಸರಿಯಿದ್ದರೆ ಆರು ತಿಂಗಳು ಹೊಸದೇನೂ ಹಾಕದಿದ್ದರೂ ಮುಚ್ಚಿಹೋದ ಅಂಗಡಿ ಥರ ಕಾಣಲ್ಲ.

ಬೀಗದಕೈ_ಗೊಂಚಲು

ಏಜೆನ್ಸಿ ಬಗ್ಗೆ. ತಿಂಗಳಿಗೆ 20 ಪೋಸ್ಟ್ ಅಂದರೆ ಅದರಲ್ಲಿ ಹೆಚ್ಚಿನವು ಹಬ್ಬದ ಶುಭಾಶಯದ ಪೋಸ್ಟರುಗಳೇ ಆಗಿರುತ್ತವೆ. ದೀಪ, ರಂಗೋಲಿ, ಮೂಲೆಯಲ್ಲಿ ನಿಮ್ಮ ಲೋಗೋ. ಅವನ್ನು ನೋಡಿ ಯಾರೂ ಚಕ್ಕುಲಿ ಕೊಳ್ಳುವುದಿಲ್ಲ. "ಹಬ್ಬದ ದಿನ ಮಧ್ಯಾಹ್ನ ಒಂದರವರೆಗೆ ತೆರೆದಿರುತ್ತೇವೆ" ಎಂಬ ಒಂದು ಸಾಲು ಅಂಥ ಹತ್ತು ಪೋಸ್ಟರಿಗೆ ಸಮ. ಅದರ ಬದಲು ಶೂಟಿಂಗ್ ಮತ್ತು ಎಡಿಟಿಂಗ್‌ಗೆ ಮಾತ್ರ, ತಿಂಗಳಿಗೆ ಐದಾರು ಗಂಟೆಗೆ ಒಬ್ಬರನ್ನು ಇಟ್ಟುಕೊಳ್ಳಿ. ಉತ್ತರ ಕೊಡುವ ಕೆಲಸವನ್ನು ಹೊರಗಿನವರಿಗೆ ಬಿಡಬೇಡಿ. ಇವತ್ತು ಕೋಡುಬಳೆ ಮುಗಿದಿದೆಯೋ ಇದೆಯೋ ಅವರಿಗೆ ಗೊತ್ತಿರುವುದಿಲ್ಲ.

ಯಾರನ್ನೇ ಇಟ್ಟುಕೊಂಡರೂ ಪಾಸ್‌ವರ್ಡ್ ಕೊಡಬಾರದು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾ ಕಂಪನಿಯಲ್ಲಿ ಬಿಸಿನೆಸ್ ಪೋರ್ಟ್‌ಫೋಲಿಯೊ (ಅಂಗಡಿಯ ಖಾತೆಗಳನ್ನೆಲ್ಲ ಒಟ್ಟಿಗೆ ಇಡುವ ಜಾಗ) ನಿಮ್ಮ ಹೆಸರಿನಲ್ಲೇ ತೆರೆಯಿರಿ, ಪೇಜ್, ಇನ್‌ಸ್ಟಾಗ್ರಾಮ್, ಜಾಹೀರಾತು ಖಾತೆ ಮೂರನ್ನೂ ಅದರೊಳಗೆ ತನ್ನಿ, ಆಮೇಲೆ ಅವರನ್ನು ಪಾರ್ಟ್ನರ್ ಆಗಿ ಸೇರಿಸಿ. ಇದು ಉಲ್ಟಾ ಆದರೆ, ಅಂದರೆ ಅವರ ಪೋರ್ಟ್‌ಫೋಲಿಯೊದಲ್ಲಿ ನಿಮ್ಮ ಪೇಜ್ ಹುಟ್ಟಿದರೆ, ಬಿಟ್ಟುಹೋಗುವ ದಿನ ಪೇಜೂ ಅವರ ಜೊತೆ ಹೋಗುತ್ತದೆ. ಮೂಲ ವಿಡಿಯೋ ಫೈಲುಗಳು ಅಂಗಡಿಯವು, 30 ದಿನದ ನೋಟಿಸ್ ಮೇಲೆ ಬಿಡಬಹುದು ಎಂಬ ಎರಡು ಮಾತು ಬರಹದಲ್ಲಿರಲಿ.

ಖಾತೆಯನ್ನು ಕೆಲಸದ ಹುಡುಗನ ಮೊಬೈಲ್ ನಂಬರಿಗೆ ಕಟ್ಟಬೇಡಿ. ಅವನು ಕೆಲಸ ಬಿಟ್ಟ ಮೇಲೆ ಓಟಿಪಿ ಅವನಿಗೇ ಹೋಗುತ್ತದೆ, ರೀಚಾರ್ಜ್ ನಿಂತ ನಂಬರು ಬೇರೆಯವರ ಪಾಲೂ ಆಗಬಹುದು. ಎರಡು ಹಂತದ ಭದ್ರತೆಗೆ ಲಾಗಿನ್ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಇಟ್ಟುಕೊಂಡು, ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಲೆಕ್ಕದ ಪುಸ್ತಕದೊಳಗೆ ಇಡಿ. ಫೋನ್ ಎಣ್ಣೆಗೆ ಬಿದ್ದರೂ ಖಾತೆ ಉಳಿಯುತ್ತದೆ.

"ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಮುಚ್ಚುತ್ತೇವೆ, ಇಲ್ಲಿ ಒತ್ತಿ" ಎಂಬ ಮೆಸೇಜ್ ಇಂದಲ್ಲ ನಾಳೆ ಬಂದೇ ಬರುತ್ತದೆ. ಇನ್‌ಸ್ಟಾಗ್ರಾಮ್ ನಿಜವಾಗಿ ಕಳಿಸಿದ ಇಮೇಲುಗಳ ಪಟ್ಟಿ ಸೆಟ್ಟಿಂಗ್ಸ್ ಒಳಗಿನ ಭದ್ರತೆಯ ವಿಭಾಗದಲ್ಲೇ ಸಿಗುತ್ತದೆ, ಅಲ್ಲಿ ಇಲ್ಲದ್ದು ಸುಳ್ಳು. ನಿಮ್ಮ ಹೆಸರಿನಲ್ಲಿ ನಕಲಿ ಖಾತೆ ತೆರೆದು ಹಬ್ಬದ ಮುಂಗಡ ಹಣ ವಸೂಲಿ ಮಾಡಿದರೆ ಗಿರಾಕಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಲು ಹೇಳಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಹಣ ಪಡೆಯುವ ಯುಪಿಐ ಹೆಸರು ಏನು ಕಾಣಬೇಕು ಎಂಬುದನ್ನು ಪಿನ್ ಮಾಡಿದ ಪೋಸ್ಟಿನಲ್ಲೇ ಬರೆದಿಡಿ.

ಇನ್ನೊಂದು ಮಾತು. ಬೇರೆಯವರ ವೇದಿಕೆ ಯಾವಾಗ ಬೇಕಾದರೂ ನಿಲ್ಲಬಹುದು: 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು, ಗೂಗಲ್ ಪ್ರೊಫೈಲಿನ ಉಚಿತ ವೆಬ್‌ಸೈಟುಗಳು 2024ರ ಮಾರ್ಚ್‌ನಲ್ಲಿ ನಿಂತವು, ಅದೇ ವರ್ಷ ಜುಲೈನಲ್ಲಿ ಅದರ ಚಾಟ್ ಕೂಡ. ಗಿರಾಕಿಗಳ ಹೆಸರು, ನಂಬರು, ಏನು ಕೊಳ್ಳುತ್ತಾರೆ ಎಂಬ ಪಟ್ಟಿ ಅವರ ಒಪ್ಪಿಗೆಯ ಮೇಲೆ ನಿಮ್ಮ ಕೈಯಲ್ಲೇ, ಒಂದು ಶೀಟಿನಲ್ಲೋ ನೋಟ್‌ಬುಕ್ಕಿನಲ್ಲೋ ಇರಲಿ.

ಕೋಡುಬಳೆ_ಮಲ್ಲೇಶ್ವರ

ಹಳೇ ಗಿರಾಕಿಗಳಿಗೆಲ್ಲ ಗೊತ್ತಿರೋದು 080 ಲ್ಯಾಂಡ್‌ಲೈನ್ ನಂಬರು. ಅದರಲ್ಲೇ ವಾಟ್ಸಾಪ್ ಆಗುತ್ತಾ? ಇನ್ನೆರಡು ತೊಂದರೆ: ಅಡುಗೆಮನೆ ವಿಡಿಯೋದಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಓಡುತ್ತೆ. ಪೋಸ್ಟರ್ ಮಾಡಿಸಿದರೆ "ಚಕ್ಕುಲಿ" ಹೋಗಿ "ಚಕ್‌ಕುಲಿ" ಅಂತ ಬರುತ್ತೆ, ಡಿಟಿಪಿಯವರು ನಮ್ಮಲ್ಲಿ ಸರಿ ಇದೆ ಅಂತಾರೆ.

ಒತ್ತಕ್ಷರ

ಲ್ಯಾಂಡ್‌ಲೈನ್ ಆಗುತ್ತೆ. ನೋಂದಾಯಿಸುವಾಗ ಎಸ್ಎಂಎಸ್ ಬದಲು ಕಾಲ್ ಆರಿಸಿ, ಕೋಡನ್ನ ಫೋನಿನಲ್ಲಿ ಓದಿ ಹೇಳುತ್ತೆ. ರಿಸೀವರ್ ಪಕ್ಕ ಒಬ್ಬರು ಪೆನ್ನು ಹಿಡಿದು ನಿಂತಿರಲಿ. ಮುಂದೆ ಮೊಬೈಲ್ ಬದಲಿಸುವಾಗಲೂ ಇದೇ ಕಾಲ್ ಬೇಕಾಗುತ್ತೆ, ಆದ್ದರಿಂದ ಆ ಸಂಪರ್ಕ ಕಡಿತ ಮಾಡಿಸಬೇಡಿ.

ಪಟ್ಟಿ ಓಡೋದು ಎಲ್ಇಡಿ ದೀಪದ ಮಿನುಗಿನಿಂದ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಫೋನು ಸೆಕೆಂಡಿಗೆ 30 ಫ್ರೇಮ್ ತೆಗೆಯುವಾಗ ಕ್ಯಾಮೆರಾದ ಷಟರ್ ವೇಗ ಇದಕ್ಕೆ ಹೊಂದದಿದ್ದರೆ ಪಟ್ಟಿ ಬೀಳುತ್ತೆ. ಪ್ರೊ ಮೋಡ್ ಇದ್ದರೆ ಷಟರನ್ನ 1/50 ಅಥವಾ 1/100ಕ್ಕೆ ಕಟ್ಟಿ. ಐಫೋನಾದರೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸು ಅಂತ ಇದೆ, ಅದನ್ನ ಹಾಕಿ 25 ಫ್ರೇಮ್ ಆರಿಸಿ. ಇದೆಲ್ಲ ಬೇಡ ಅಂದರೆ ಬೆಳಿಗ್ಗೆ ಕಿಟಕಿ ಬೆಳಕಲ್ಲಿ, ದೀಪ ಆರಿಸಿ ತೆಗೀರಿ. ಮತ್ತೆ, ಲೆನ್ಸ್ ಒರೆಸಿ. ಅಡುಗೆಮನೆ ಫೋನಿನ ಮೇಲೆ ಎಣ್ಣೆ, ಹಿಟ್ಟಿನ ತೆಳು ಪದರ ಇದ್ದೇ ಇರುತ್ತೆ, ವಿಡಿಯೋ ಮಂಜು ಮಂಜಾಗಿ ಬಂದರೆ ಕಾರಣ ಫೋನಲ್ಲ, ಅದು.

ಒತ್ತಕ್ಷರದ ವಿಷಯ. ಡಿಟಿಪಿಯವರು 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಅಕ್ಷರದಲ್ಲಿ ಹೊಡೆದಿರ್ತಾರೆ, ಅವರ ಕಂಪ್ಯೂಟರಲ್ಲಿ ಸರಿಯಾಗೇ ಕಾಣುತ್ತೆ. ಅದನ್ನ ಕ್ಯಾಪ್ಶನ್ನಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆ ಬರುತ್ತೆ. "ಯೂನಿಕೋಡಲ್ಲಿ ಕೊಡಿ" ಅಂತ ಕೇಳಿ, ಅದು ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ. ಯೂನಿಕೋಡ್ ಇದ್ದೂ ಒತ್ತು ಪಕ್ಕಕ್ಕೆ ಜಾರಿದರೆ ತಪ್ಪು ಫೋಟೋಶಾಪಿನ ಸೆಟ್ಟಿಂಗಿನದು: ಪ್ರಿಫರೆನ್ಸಸ್ ಒಳಗೆ ಟೈಪ್ ವಿಭಾಗದಲ್ಲಿ ವರ್ಲ್ಡ್ ರೆಡಿ ಆಯ್ಕೆ ಹಾಕಬೇಕು. ಹಳೇ ಆವೃತ್ತಿಯಲ್ಲಿ ಅದರ ಹೆಸರು ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್. ಆಯ್ಕೆ ಬದಲಿಸಿ ಮುಚ್ಚಿ ತೆರೆದ ಮೇಲೆ ಹೊಸದಾಗಿ ಬರೆದ ಅಕ್ಷರ ಸರಿಯಾಗುತ್ತೆ, ಹಳೇ ಲೇಯರ್ ಹಾಗೇ ಉಳಿಯಬಹುದು.

ಉಚಿತ ಫಾಂಟ್ ಬೇಕಿದ್ದರೆ ಗೂಗಲ್ ಫಾಂಟ್ಸಲ್ಲಿ ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಇವೆ. ದರಪಟ್ಟಿಗೆ ಅನೇಕ್, ದಪ್ಪ ತಲೆಬರಹಕ್ಕೆ ಬಾಲೂ ತಮ್ಮ ಹೊಂದುತ್ತೆ. ಸಾಲಿನ ಅಂತರ ಇಂಗ್ಲಿಷಿಗಿಂತ ಹೆಚ್ಚು ಬಿಡಿ, ಅಕ್ಷರದ ಅಳತೆಯ ಒಂದೂವರೆಯಷ್ಟು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಪೋಸ್ಟಿನ ಅಳತೆ 1080 ಅಗಲ, 1350 ಎತ್ತರ. ರೀಲ್ 1080 ಅಗಲ, 1920 ಎತ್ತರ, ಅದರಲ್ಲಿ ಕೆಳಗಿನ ಕಾಲು ಭಾಗದಲ್ಲಿ ಏನೂ ಬರೀಬೇಡಿ, ಕ್ಯಾಪ್ಶನ್ ಮುಚ್ಚುತ್ತೆ.

ಸಿನಿಮಾ ಹಾಡು ಹಾಕಬೇಡಿ. ಬಿಸಿನೆಸ್ ಖಾತೆಗೆ ಆ ಹಾಡುಗಳ ಹಕ್ಕು ಬರಲ್ಲ, ರೀಲ್ ಮೂಕವಾಗುತ್ತೆ ಇಲ್ಲ ಹೋಗುತ್ತೆ. 2022ರ ನವೆಂಬರಲ್ಲಿ ಪ್ರಚಾರದ ವಿಡಿಯೋಗೆ ಸಿನಿಮಾ ಸಂಗೀತ ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ಹೂಡಿದ ದಾವೆಯಲ್ಲಿ ಬೆಂಗಳೂರಿನ ಕೋರ್ಟು ರಾಷ್ಟ್ರೀಯ ಪಕ್ಷವೊಂದರ ಟ್ವಿಟರ್ ಖಾತೆಯನ್ನೇ ತಡೆಹಿಡಿಯೋಕೆ ಹೇಳಿತ್ತು. ಆಮೇಲೆ ಹೈಕೋರ್ಟು ಆ ವಿಡಿಯೋ ತೆಗೆಯೋ ಷರತ್ತಿನ ಮೇಲೆ ಆದೇಶ ಬದಿಗಿಟ್ಟಿತು. ಅಷ್ಟು ದೊಡ್ಡವರಿಗೇ ಹಾಗಾದರೆ ನಿಮ್ಮ ಖಾತೆ ಯಾವ ಲೆಕ್ಕ. ಮೆಟಾದ ಸೌಂಡ್ ಕಲೆಕ್ಷನ್ ಉಚಿತ, ಅದಕ್ಕಿಂತ ಎಣ್ಣೆ ಚುರುಗುಟ್ಟೋ ಸದ್ದೇ ಚೆನ್ನ. ಫ್ಯಾನ್ ಆರಿಸಿ ರೆಕಾರ್ಡ್ ಮಾಡಿ.

ಕೋಡುಬಳೆ_ಮಲ್ಲೇಶ್ವರ

ಗೋಕುಲಾಷ್ಟಮಿಗೆ ದುಡ್ಡು ಕೊಟ್ಟು ಬೂಸ್ಟ್ ಮಾಡೋದಾದರೆ ಎಷ್ಟು, ಯಾವಾಗ? ಫುಡ್ ವ್ಲಾಗರ್ ಒಬ್ಬರು ಒಂದು ಬಾಕ್ಸ್ ತಿಂಡಿ ಕೊಟ್ಟರೆ ವಿಡಿಯೋ ಮಾಡ್ತೀನಿ ಅಂದಿದ್ದಾರೆ.

ಗಲ್ಲಾಪೆಟ್ಟಿಗೆ

ಮೊದಲು ನೀವು ದಿನಕ್ಕೆ ಎಷ್ಟು ಕೆಜಿ ಕರೀಬಹುದು ಅಂತ ಲೆಕ್ಕ ಹಾಕಿ. ದಿನಕ್ಕೆ 40 ಕೆಜಿ ಮಿತಿಯಾಗಿ ಅಂಗಡಿಗೆ ಬಂದು ಕೊಳ್ಳೋರಿಗೇ 25 ಬೇಕು ಅಂದರೆ, ಆರ್ಡರಿಗೆ ಸಿಗೋದು 15 ಮಾತ್ರ. ಹಬ್ಬಕ್ಕೆ ಮುಂಚಿನ ನಾಲ್ಕು ದಿನಕ್ಕೆ 60 ಕೆಜಿ. ಅದು ತುಂಬಿದ ಕೂಡಲೇ ಜಾಹೀರಾತು ನಿಲ್ಲಿಸಬೇಕು. ಇಲ್ಲದ ಚಕ್ಕುಲಿಗೆ ಗಿರಾಕಿ ಕರೆಯೋದು ದುಡ್ಡು ಕೊಟ್ಟು ಬೈಸಿಕೊಂಡ ಹಾಗೆ.

ದಿನಕ್ಕೆ 200ರಂತೆ ಐದು ದಿನ, 1000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ ಸೇರಿ 1180. ಜಿಎಸ್‌ಟಿ ನೋಂದಣಿ ಇದ್ದರೆ ನಂಬರನ್ನ ಜಾಹೀರಾತು ಖಾತೆಯಲ್ಲಿ ಹಾಕಿ. ಐಫೋನ್ ಆ್ಯಪ್ ಒಳಗಿಂದ ಬೂಸ್ಟ್ ಒತ್ತಿದರೆ ಆಪಲ್‌ನ ಶೇ 30 ಸೇವಾಶುಲ್ಕ ಸೇರಬಹುದು, ಬ್ರೌಸರಿನಿಂದ ಮಾಡಿ. ಗುರಿ "ಹೆಚ್ಚು ಮೆಸೇಜ್" ಅಂತ ಇರಲಿ, ಪ್ರೊಫೈಲ್ ಭೇಟಿ ಅಂತ ಇಟ್ಟರೆ ಸುಮ್ಮನೆ ಇಣುಕೋರು ಬರ್ತಾರೆ. ಜಾಗ ಅಂಗಡಿ ಸುತ್ತ ನಾಲ್ಕೈದು ಕಿಲೋಮೀಟರ್. ರಾಜಾಜಿನಗರ, ಸದಾಶಿವನಗರ, ಯಶವಂತಪುರದವರು ಬರ್ತಾರೆ, ವೈಟ್‌ಫೀಲ್ಡಿನವರು ಕಾಲು ಕೆಜಿ ಕೋಡುಬಳೆಗೆ ಬರಲ್ಲ. ಹಬ್ಬಕ್ಕೆ 12 ದಿನ ಇರುವಾಗ ಶುರು ಮಾಡಿ, ನಡುವೆ ಚಿತ್ರ, ಜಾಗ ತಿದ್ದಬೇಡಿ, ತಿದ್ದಿದಾಗಲೆಲ್ಲ ಜಾಹೀರಾತನ್ನ ಯಾರಿಗೆ ತೋರಿಸಬೇಕು ಅನ್ನೋ ಮೆಟಾದ ಹುಡುಕಾಟ ಮತ್ತೆ ಮೊದಲಿಂದ ಶುರುವಾಗುತ್ತೆ.

ಪೋಸ್ಟಲ್ಲಿ "ಹಬ್ಬದ ಹಿಂದಿನ ದಿನದವರೆಗೆ" ಅಂತ ಬರೀಬೇಡಿ. ಗೋಕುಲಾಷ್ಟಮಿ ಒಂದು ದಿನ, ಕೆಲವರು ಕೃಷ್ಣನ ಹುಟ್ಟುಹಬ್ಬವಾಗಿ ಮಾಡೋ ಶ್ರೀಜಯಂತಿ ಇನ್ನೊಂದು ದಿನ ಬರೋ ವರ್ಷಗಳಲ್ಲಿ ಒಬ್ಬೊಬ್ಬರ ಮನೆಯ ಲೆಕ್ಕ ಒಂದೊಂದು. ಆರ್ಡರ್ ಕೊನೆಯ ತಾರೀಕು, ವಾರ, ಗಂಟೆ ಮೂರೂ ಬರೀರಿ. ಆರ್ಡರ್ ತುಂಬಿದ ಮೇಲೆ "ಮುಗಿದಿದೆ, ಅಂಗಡಿಗೆ ಬಂದರೆ ಸಿಗುತ್ತೆ" ಅಂತ ಒಂದು ಪೋಸ್ಟ್ ಹಾಕಿ ಪಿನ್ ಮಾಡಿ. ಶೆಡ್ಯೂಲ್ ಮಾಡಿದ್ದನ್ನ ಪ್ರತಿ ಸೋಮವಾರ ಒಮ್ಮೆ ತೆಗೆದು ನೋಡಿ. ಬಂದ್ ದಿನ "ಇಂದೇ ಬನ್ನಿ" ಅಂತ ಹೋಗೋದು ಹೀಗೇನೆ.

ವ್ಲಾಗರ್‌ಗೆ ಕೊಡೋದಾದರೆ ಕೊಡಿ, ಆದರೆ ಅದು ಜಾಹೀರಾತು ಅಂತ ವಿಡಿಯೋದಲ್ಲೇ ಕಾಣೋ ಹಾಗೆ ಬರೆಯೋಕೆ ಹೇಳಿ. ದುಡ್ಡಲ್ಲದೆ ಬರೀ ತಿಂಡಿ ಕೊಟ್ಟರೂ ಅದು ಲೆಕ್ಕಕ್ಕೆ ಬರುತ್ತೆ, 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿ ಇದನ್ನೇ ಹೇಳುತ್ತೆ. "ಸಕ್ಕರೆ ಕಾಯಿಲೆಗೆ ಒಳ್ಳೇದು" ಅನ್ನೋ ಥರ ಮಾತು ಅವರ ಬಾಯಲ್ಲಿ ಬಂದರೆ ತೆಗೆಸಿ. ದಾರಿತಪ್ಪಿಸೋ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವಿದೆ.

ಫಲ ಸಿಕ್ಕಿತೋ ಇಲ್ಲವೋ ಅಂತ ಲೈಕ್ ನೋಡಿ ಹೇಳೋಕಾಗಲ್ಲ. ಗಲ್ಲಾ ಹತ್ತಿರ ಒಂದು ಹಾಳೆ ಅಂಟಿಸಿ, ನಾಲ್ಕು ಕಾಲಂ: ದಾರಿಯಲ್ಲಿ ನೋಡಿ, ಗೂಗಲ್, ವಾಟ್ಸಾಪ್, ಇನ್‌ಸ್ಟಾಗ್ರಾಮ್. ಹೊಸ ಮುಖ ಬಂದಾಗ "ಹೇಗೆ ಗೊತ್ತಾಯ್ತು" ಅಂತ ಕೇಳಿ ಒಂದು ಗೆರೆ ಎಳೀರಿ. ಹಬ್ಬದ ಹಿಂದಿನ ದಿನ ಮಾತ್ರ ಬೇಡ, ಸಾಲು ರಸ್ತೆಗೆ ಬಂದಿರುತ್ತೆ.